ಇಂಜೆಕ್ಷನ್ ಮೋಲ್ಡಿಂಗ್ ಪರಿಭಾಷೆ

ಇಂಜೆಕ್ಷನ್ ಮೋಲ್ಡಿಂಗ್ ಎಂಬುದು ಕರಗಿದ ಪ್ಲಾಸ್ಟಿಕ್ಕನ್ನು ಮುಚ್ಚಿದ ಲೋಹದ ಅಚ್ಚಿನೊಳಗೆ ಅಧಿಕ ಒತ್ತಡದಿಂದ ತುಂಬಿ, ತಣಿಸಿ, ಗಟ್ಟಿಯಾದ ವಸ್ತುವನ್ನು ಹೊರತೆಗೆಯುವ ತಯಾರಿಕಾ ವಿಧಾನ. ಬಕೆಟ್, ಕುರ್ಚಿ, ಸ್ವಿಚ್ಚಿನ ಕವಚ, ಬಾಟಲಿಯ ಮುಚ್ಚಳ ಮುಂತಾದವು ಹೀಗೆ ತಯಾರಾಗುತ್ತವೆ. ಬಾಟಲಿಯನ್ನು ಮಾತ್ರ ಗಾಳಿ ಊದಿ ಹಿಗ್ಗಿಸುವ ಬೇರೊಂದು ವಿಧಾನದಿಂದ ಮಾಡುತ್ತಾರೆ. 1872ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಟ್ ಮತ್ತು ಅವರ ಸಹೋದರ ಐಸಯಾ ಈ ಬಗೆಯ ಮೊದಲ ಯಂತ್ರಕ್ಕೆ ಪೇಟೆಂಟ್ ಪಡೆದರು. 1946ರಲ್ಲಿ ಜೇಮ್ಸ್ ವಾಟ್ಸನ್ ಹೆಂಡ್ರಿ ಸ್ಕ್ರೂ ಅಳವಡಿಸಿದ ಯಂತ್ರವನ್ನು ರೂಪಿಸಿದರು. ಇಂದಿನ ಯಂತ್ರಗಳು ಬಹುತೇಕ ಅದೇ ತತ್ತ್ವದವು.

ಕರ್ನಾಟಕದಲ್ಲಿ ಕಲಿಕೆ

ಅಚ್ಚು ತಯಾರಿಕೆಯನ್ನು ಕಲಿಸುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಆರಂಭವಾಯಿತು. ಬೀದರ್ ಜಿಲ್ಲೆಯ ಹುಮನಾಬಾದ್‌ನಲ್ಲಿಯೂ ಅದರ ಕೇಂದ್ರವಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಬಹುದು. ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳಲ್ಲಿ ಕನ್ನಡ, ಮರಾಠಿ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಈ ವಿಷಯದಲ್ಲಿ ಯಂತ್ರಕ್ಕಿಂತ ಮೊದಲು ಎದುರಾಗುವುದು ಅದರ ಶಬ್ದಗಳು. ಇವುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ಲಾಸ್ಟಿಕ್ ಹರಿಯುವ ದಾರಿಯನ್ನು ಅನುಸರಿಸಿ ತಿಳಿಯುವುದು ಸುಲಭ.

ಅಚ್ಚು, ಮೋಲ್ಡ್, ಡೈ

ಕಾರ್ಖಾನೆಗಳಲ್ಲಿ ಮೋಲ್ಡನ್ನು ‘ಡೈ’ ಎಂದೇ ಕರೆಯುವ ರೂಢಿಯಿದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಡೈ ಎಂಬುದು ತಗಡನ್ನು ಒತ್ತುವ, ಕೊಳವೆಯನ್ನು ಹೊರಹಾಕುವ ಅಥವಾ ಲೋಹವನ್ನು ಒತ್ತಡದಿಂದ ಎರಕ ಹೊಯ್ಯುವ ಸಾಧನ. ಪ್ಲಾಸ್ಟಿಕ್ ತುಂಬುವುದು ಮೋಲ್ಡ್. ಕನ್ನಡದ ‘ಅಚ್ಚು’ ಎರಡಕ್ಕೂ ಸಲ್ಲುತ್ತದೆ. ಬೀದರ್‌ನ ಬಿದ್ರಿ ಪಾತ್ರೆಗೆ ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅಚ್ಚನ್ನು ಒಡೆದು ಪಾತ್ರೆಯನ್ನು ತೆಗೆಯುತ್ತಾರೆ. ಪ್ಲಾಸ್ಟಿಕ್ಕಿನ ಉಕ್ಕಿನ ಅಚ್ಚು ಲಕ್ಷಾಂತರ ಬಾರಿ ತೆರೆದು ಮುಚ್ಚಬೇಕಾದದ್ದು. ಅದರ ಬೆಲೆ ಹೆಚ್ಚಿರುವುದಕ್ಕೂ ಅದರ ಭಾಗಗಳಿಗೆ ಇಷ್ಟೊಂದು ಹೆಸರುಗಳಿರುವುದಕ್ಕೂ ಇದೇ ಕಾರಣ.

ಪ್ಲಾಸ್ಟಿಕ್ಕಿನ ದಾರಿ

ವ್ಯಾಪಾರಿಗಳು ‘ದಾನಾ’ ಎನ್ನುವ ಪ್ಲಾಸ್ಟಿಕ್ ಹರಳುಗಳನ್ನು ಹಾಪರ್ ಎಂಬ ಆಲಿಕೆಗೆ ಸುರಿಯುತ್ತಾರೆ. ಅಲ್ಲಿಂದ ಅವು ಬ್ಯಾರೆಲ್ ಎಂಬ ಬಿಸಿ ಕೊಳವೆಗೆ ಇಳಿಯುತ್ತವೆ. ಒಳಗೆ ತಿರುಗುವ ಸ್ಕ್ರೂ ಹರಳುಗಳನ್ನು ಮುಂದೂಡುತ್ತ, ಉಜ್ಜುತ್ತ ಕರಗಿಸುತ್ತದೆ. ಶಾಖವು ಹೊರಗಿನ ಹೀಟರ್‌ಗಳಿಂದಷ್ಟೇ ಬರುವುದಿಲ್ಲ. ಒಂದು ಬಾರಿಗೆ ಅಚ್ಚಿಗೆ ಹೋಗುವ ಪ್ರಮಾಣವೇ ಶಾಟ್. ತುಂಬಿದ ಮೇಲೂ ಸ್ಕ್ರೂವಿನ ಮುಂದೆ ಉಳಿಯುವ ಸ್ವಲ್ಪ ಕರಗಿದ ಪ್ಲಾಸ್ಟಿಕ್ಕಿಗೆ ಕುಶನ್ ಎನ್ನುತ್ತಾರೆ. ಇದು ಪೂರ್ತಿ ಮುಗಿದುಹೋದರೆ ಒತ್ತಡ ಅಚ್ಚಿನೊಳಕ್ಕೆ ತಲುಪುವುದಿಲ್ಲ.

ನಾಝಲ್‌ನಿಂದ ಹೊರಟ ಪ್ಲಾಸ್ಟಿಕ್ ಅಚ್ಚನ್ನು ಪ್ರವೇಶಿಸುವ ಮುಖ್ಯ ನಾಳ ಸ್ಪ್ರೂ. ಅದು ಕವಲೊಡೆದು ಸಾಗುವ ಕಾಲುವೆಗಳು ರನ್ನರ್. ವಸ್ತುವಿನ ಆಕಾರಕ್ಕೆ ಒಳಹೋಗುವ ಕಿರುಬಾಗಿಲು ಗೇಟ್. ಹೊಲಕ್ಕೆ ನೀರು ಹಾಯಿಸುವ ಕಾಲುವೆಯನ್ನು ಕಂಡವರಿಗೆ ಈ ಮೂರರ ಸಂಬಂಧ ಬೇಗ ತಿಳಿಯುತ್ತದೆ. ವಸ್ತುವಿನ ಹೊರಮೈಯನ್ನು ರೂಪಿಸುವ ಕುಳಿ ಕ್ಯಾವಿಟಿ. ಒಳಮೈಯನ್ನು ರೂಪಿಸುವ ಉಬ್ಬು ಕೋರ್. ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ವಸ್ತುವಿನ ಮೇಲೆ ಉಳಿಯುವ ಸಣ್ಣ ಗೆರೆ ಪಾರ್ಟಿಂಗ್ ಲೈನ್. ಮನೆಯ ಯಾವುದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇದನ್ನು ಹುಡುಕಿ ನೋಡಬಹುದು. ತಣಿದ ವಸ್ತುವನ್ನು ತಳ್ಳುವ ಕಡ್ಡಿಗಳು ಇಜೆಕ್ಟರ್ ಪಿನ್ನುಗಳು. ವಸ್ತು ಅಂಟಿಕೊಳ್ಳದೆ ಜಾರಲೆಂದು ಗೋಡೆಗಳಿಗೆ ಸಾಮಾನ್ಯವಾಗಿ 1ರಿಂದ 2 ಡಿಗ್ರಿ ಇಳಿಜಾರು ಕೊಡುತ್ತಾರೆ, ಇದು ಡ್ರಾಫ್ಟ್.

ಟನ್ನೇಜ್ ಮತ್ತು ಕುಗ್ಗುವಿಕೆ

‘150 ಟನ್ ಯಂತ್ರ’ ಎಂದಾಗ ಹೊಸಬರು ಅದನ್ನು ಯಂತ್ರದ ತೂಕವೆಂದು ಭಾವಿಸುವುದುಂಟು. ಅದು ಅಚ್ಚನ್ನು ಮುಚ್ಚಿ ಹಿಡಿಯುವ ಬಲ, ಅಂದರೆ ಕ್ಲ್ಯಾಂಪಿಂಗ್ ಬಲ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಮುಚ್ಚಳದ ವಿಸ್ತೀರ್ಣ 100 ಚದರ ಸೆಂ.ಮೀ. ಅಚ್ಚಿನೊಳಗಿನ ಒತ್ತಡ ಚದರ ಸೆಂ.ಮೀ.ಗೆ 300 ಕಿಲೋ ಎಂದಿಟ್ಟುಕೊಂಡರೆ, ಅಚ್ಚನ್ನು ತೆರೆಯಲು ತಳ್ಳುವ ಬಲ 30,000 ಕಿಲೋ, ಅಂದರೆ 30 ಟನ್. ಯಂತ್ರದ ಬಲ ಇದಕ್ಕಿಂತ ಹೆಚ್ಚಿರಬೇಕು.

ತಣಿಯುವಾಗ ಪ್ಲಾಸ್ಟಿಕ್ ಕುಗ್ಗುತ್ತದೆ. ಪಾಲಿಪ್ರೊಪಿಲೀನ್ ಸುಮಾರು ಶೇ. 1ರಿಂದ 2.5ರಷ್ಟು, ಎಬಿಎಸ್ ಸುಮಾರು ಶೇ. 0.4ರಿಂದ 0.7ರಷ್ಟು ಕುಗ್ಗುತ್ತವೆ. ಶೇ. 1.5 ಕುಗ್ಗುವ ಪ್ಲಾಸ್ಟಿಕ್ಕಿನಿಂದ 100 ಮಿ.ಮೀ. ವಸ್ತು ಬೇಕಾದರೆ ಕ್ಯಾವಿಟಿಯನ್ನು ಸುಮಾರು 101.5 ಮಿ.ಮೀ. ಕೊರೆಯಬೇಕು. ಆದ್ದರಿಂದ ಒಂದು ಪ್ಲಾಸ್ಟಿಕ್ಕಿಗಾಗಿ ಮಾಡಿದ ಅಚ್ಚಿನಲ್ಲಿ ಬೇರೊಂದನ್ನು ತುಂಬಿದರೆ ಅಳತೆ ತಪ್ಪುತ್ತದೆ.

ದೋಷಗಳ ಹೆಸರು

ದೋಷವನ್ನು ಸರಿಯಾಗಿ ಹೆಸರಿಸುವುದು ಪರಿಹಾರದ ಮೊದಲ ಹೆಜ್ಜೆ. ಪ್ಲಾಸ್ಟಿಕ್ ಪೂರ್ತಿ ತುಂಬದೆ ಅಂಚು ಅರ್ಧಕ್ಕೆ ನಿಂತರೆ ಶಾರ್ಟ್ ಶಾಟ್. ಪಾರ್ಟಿಂಗ್ ಲೈನಿನಲ್ಲಿ ತೆಳ್ಳನೆಯ ಪೊರೆ ಹೊರಚಾಚಿದರೆ ಫ್ಲ್ಯಾಶ್. ಕ್ಲ್ಯಾಂಪಿಂಗ್ ಬಲ ಸಾಲದಿರುವುದು, ಒತ್ತಡ ಮಿತಿಮೀರಿರುವುದು ಅಥವಾ ಅಚ್ಚಿನ ಅಂಚು ಸವೆದಿರುವುದು ಅದರ ಕಾರಣ. ಶಾರ್ಟ್ ಶಾಟ್ ಕಂಡಾಗ ಯೋಚಿಸದೆ ಒತ್ತಡ ಏರಿಸಿದರೆ ಫ್ಲ್ಯಾಶ್ ಬರಬಹುದು. ನಿಜವಾದ ಅಡ್ಡಿ ಗಾಳಿ ಹೊರಹೋಗುವ ಕಿರುಸಂದಾದ ವೆಂಟ್ ಕಟ್ಟಿಕೊಂಡಿರುವುದೂ ಆಗಿರಬಹುದು. ಆಗ ಸಿಕ್ಕಿಕೊಂಡ ಗಾಳಿ ಒತ್ತಡಕ್ಕೆ ಬಿಸಿಯೇರಿ ಪ್ಲಾಸ್ಟಿಕ್ಕನ್ನು ಕರಕಲಾಗಿಸುತ್ತದೆ. ಆ ಕಲೆಯೇ ಬರ್ನ್ ಮಾರ್ಕ್.

ದಪ್ಪ ಭಾಗದ ಮೇಲ್ಮೈ ಒಳಸರಿದು ತಗ್ಗಾದರೆ ಸಿಂಕ್ ಮಾರ್ಕ್. ಅಚ್ಚು ತುಂಬಿದ ಬಳಿಕವೂ ಕುಗ್ಗುವಿಕೆಯನ್ನು ಸರಿದೂಗಿಸಲು ಮುಂದುವರಿಸುವ ಹೋಲ್ಡಿಂಗ್ ಒತ್ತಡ ಕಡಿಮೆಯಾದಾಗ ಇದು ಕಾಣುತ್ತದೆ. ಆದರೆ ಗೇಟ್ ಗಟ್ಟಿಯಾದ ಮೇಲೆ ಎಷ್ಟು ಒತ್ತಿದರೂ ಫಲವಿಲ್ಲ. ಆ ಕ್ಷಣವನ್ನು ಕಂಡುಹಿಡಿಯಲು ಹೋಲ್ಡಿಂಗ್ ಸಮಯವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಪ್ರತಿ ಬಾರಿಯ ವಸ್ತುವನ್ನೂ ತೂಗುತ್ತಾರೆ. ತೂಕ ಏರುವುದು ನಿಂತ ಸಮಯಕ್ಕೆ ಗೇಟ್ ಮುಚ್ಚಿದೆ ಎಂದರ್ಥ.

ಮೇಲ್ಮೈಯಲ್ಲಿ ಬೆಳ್ಳಿಯಂಥ ಗೀರುಗಳು ಕಂಡರೆ ಅದು ಸಿಲ್ವರ್ ಸ್ಟ್ರೀಕ್; ಹರಳಿನಲ್ಲಿದ್ದ ತೇವ ಆವಿಯಾದುದರ ಗುರುತು. ನೈಲಾನ್, ಎಬಿಎಸ್, ಪಾಲಿಕಾರ್ಬೊನೇಟ್‌ಗಳು ಗಾಳಿಯ ತೇವವನ್ನು ಹೀರುವುದರಿಂದ ಅವನ್ನು ಮೊದಲೇ ಒಣಗಿಸಬೇಕು. ಪಾಲಿಪ್ರೊಪಿಲೀನ್‌ಗೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಸ್ಪ್ರೂ, ರನ್ನರ್ ಮತ್ತು ದೋಷವುಳ್ಳ ವಸ್ತುಗಳನ್ನು ಅರೆದು ಪಡೆದ ಪುಡಿಗೆ ರೀಗ್ರೈಂಡ್ ಎನ್ನುತ್ತಾರೆ. ಇದನ್ನು ಹೊಸ ಹರಳಿನೊಂದಿಗೆ ಮಿತವಾಗಿ ಬೆರೆಸಿ ಮತ್ತೆ ಬಳಸುತ್ತಾರೆ. ಪದೇ ಪದೇ ಕರಗಿದ ಪ್ಲಾಸ್ಟಿಕ್ ಬಲ ಕಳೆದುಕೊಳ್ಳುತ್ತದೆ.