ಆಕಾಶದ ಬಲವೂ ನೆಲದ ಬಲವೂ

ಕೋಟಿಗಟ್ಟಲೆ ರೂಪಾಯಿ ಬೆಲೆಯ ಸೇನಾ ಹೆಲಿಕಾಪ್ಟರನ್ನು ಕಾಲಿಗೆ ಜೋಡೂ ಇಲ್ಲದ ದಂಗೆಕೋರನು ನೆಲಕ್ಕೆ ಕೆಡಹಿದನೆಂಬ ವಾರ್ತೆಯನ್ನು ಓದಿದಾಗ, ಇದು ಹೇಗೆ ಸಾಧ್ಯವೆಂದು ವಾಚಕ ಮಹಾಶಯರು ಬೆರಗುಪಡುವುದುಂಟು. ಶಿಕಾರಿಪುರ ಸೊರಬ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಈ ಬೆರಗು ಸಲ್ಲದು.

ಹೆಲಿಕಾಪ್ಟರು ಎತ್ತರದಲ್ಲಿರುವವರೆಗೆ ಪ್ರಬಲವೇ ಸರಿ. ಆದರೆ ಅದರ ಉಪಯೋಗವಿರುವುದು ಕೆಳಗಿಳಿದಾಗ. ಸಿಪಾಯಿಗಳನ್ನು ಇಳಿಸಲು, ಗಾಯಾಳುಗಳನ್ನು ಎತ್ತಿಕೊಳ್ಳಲು ಅದು ನೆಲದ ಸಮೀಪಕ್ಕೆ ಬರಲೇಬೇಕು, ವೇಗವನ್ನು ತಗ್ಗಿಸಲೇಬೇಕು. ಆಗ ಆಕಾಶದ ಬಲವು ಕುಂದಿ ನೆಲದವನ ಬಲವು ಹೆಚ್ಚುತ್ತದೆ. 1993ನೆಯ ಅಕ್ಟೋಬರ್ 3ರಂದು ಸೋಮಾಲಿಯಾದ ಮೊಗದಿಶು ನಗರದಲ್ಲಿ ಅಮೆರಿಕದ ಎರಡು ಹೆಲಿಕಾಪ್ಟರುಗಳು ಹೆಗಲ ಮೇಲಿಂದ ಹಾರಿಸಿದ ರಾಕೆಟ್ಟುಗಳಿಗೆ ಬಲಿಯಾದುವು. 2013ನೆಯ ಜನವರಿಯಲ್ಲಿ ಗಾಯಾಳುಗಳನ್ನು ತರಲು ಹೋದ ನಮ್ಮ ವಾಯುಪಡೆಯ ಹೆಲಿಕಾಪ್ಟರೊಂದು ಛತ್ತೀಸಗಢದ ಸುಕ್ಮಾ ಸೀಮೆಯಲ್ಲಿ ನಕ್ಸಲರ ಗುಂಡು ತಗುಲಿ ನಡುದಾರಿಯಲ್ಲಿಯೇ ಇಳಿಯಬೇಕಾಯಿತು. ಅಫಘಾನಿಸ್ಥಾನದಲ್ಲಿ 1986ರಿಂದ ಅಮೆರಿಕದ ಸ್ಟಿಂಗರ್ ಕ್ಷಿಪಣಿಗಳು ಸೋವಿಯತ್ ಹೆಲಿಕಾಪ್ಟರುಗಳನ್ನು ಕಾಡಿದುವು. ಆದರೆ ಅಸ್ತ್ರವೊಂದೇ ಸಾಲದು. ನೆಲದ ಪರಿಚಯ, ಕಾಯುವ ತಾಳ್ಮೆ, ಬಚ್ಚಿಡುವ ಜನ ಇವೂ ಬೇಕು. ಸೊರಬದ ಚಂದ್ರಗುತ್ತಿಯ ಬೆಟ್ಟದ ಕೋಟೆಯು ಎತ್ತರವೊಂದೇ ರಕ್ಷಣೆಯಲ್ಲವೆಂದು ಸಾರುತ್ತ ಪಾಳುಬಿದ್ದಿದೆ.

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬೀಳಲು, ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯಾ ವಾಘನು ಚದುರಿದ ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ವ್ಯಾಪಿಸಿದನು. ಶಿಕಾರಿಪುರವೂ ಅವನ ಕೈಸೇರಿತು. ಆಗಸ್ಟಿನಲ್ಲಿ ಕಂಪನಿಯ ದಂಡು ಶಿಕಾರಿಪುರದ ಕೋಟೆಯನ್ನು ಕಿತ್ತುಕೊಂಡಿತು. ಕೋಟೆ ಸಿಕ್ಕಿತು, ಧೋಂಡಿಯಾ ಸಿಕ್ಕಲಿಲ್ಲ! ಮರಾಠರ ಸೀಮೆಗೆ ದಾಟಿದ ಅವನು ಮರುವರ್ಷ ‘ಉಭಯಲೋಕಾಧೀಶ್ವರ’ನೆಂಬ ಬಿರುದನ್ನು ಧರಿಸಿ ಮತ್ತೆ ತಲೆಯೆತ್ತಿದನು. ಅವನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯು (ಮುಂದೆ ವೆಲ್ಲಿಂಗ್ಟನ್ ಎಂದು ಹೆಸರಾದವನು) ಎತ್ತುಗಳ ಮೇಲೆ ಧಾನ್ಯವನ್ನು ಹೊರಿಸಿ, ಹಲವು ತುಕಡಿಗಳಾಗಿ ಅಟ್ಟಿಸಿಕೊಂಡು ಹೋದನು. 1800ನೆಯ ಜುಲೈ 30ರಂದು ಮುನವಳ್ಳಿಯ ಬಳಿ, ಮಲಪ್ರಭೆಯ ದಡದಲ್ಲಿ, ಧೋಂಡಿಯಾನ ಬಿಡಾರವು ಸೂರೆಯಾಯಿತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನು ಹತನಾದನು. ಅವನ ದಂಡು ಲೂಟಿಯಿಂದ ಬದುಕುತ್ತಿದ್ದುದರಿಂದ ಹಳ್ಳಿಯು ಅವನನ್ನು ತನ್ನವನೆಂದು ಬಗೆಯಲು ಕಾರಣವಿರಲಿಲ್ಲ.

ಇದಕ್ಕೆ ಪ್ರತಿಯಾದುದು ಇದೇ ತಾಲ್ಲೂಕಿನ ಈಸೂರಿನ ಕಥೆ. ಧೋಂಡಿಯಾನಿಗೆ ಕುದುರೆಗಳಿದ್ದುವು, ಜನರಿರಲಿಲ್ಲ. ಈಸೂರಿಗೆ ಜನರಿದ್ದರು, ಕುದುರೆಗಳಿರಲಿಲ್ಲ. 1942ನೆಯ ಸೆಪ್ಟೆಂಬರಿನಲ್ಲಿ ಆ ಗ್ರಾಮವು ಸ್ವತಂತ್ರವೆಂದು ಸಾರಿಕೊಂಡು, ಹುಡುಗರನ್ನೇ ಅಮಲ್ದಾರ ಸಬ್‌ಇನ್‌ಸ್ಪೆಕ್ಟರರನ್ನಾಗಿ ನೇಮಿಸಿಕೊಂಡಿತು. ಸರಕಾರದ ಅಧಿಕಾರಿಗಳು ಬಂದಾಗ ಘರ್ಷಣೆಯಾಗಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಹತರಾದರು. ಬಳಿಕ ಸಶಸ್ತ್ರ ಪಡೆಗಳು ಗ್ರಾಮವನ್ನು ಹೊಕ್ಕುವು; ಜನರು ಕಾಡುಪಾಲಾದರು. 1943ನೆಯ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಸರಕಾರವು ಗ್ರಾಮವನ್ನು ಗೆದ್ದಿತು; ಆದರೆ ಐದು ವರ್ಷ ತುಂಬುವುದರೊಳಗಾಗಿ ದೇಶವೇ ಸ್ವತಂತ್ರವಾಯಿತು, ಗಲ್ಲಿಗೇರಿದವರು ಹುತಾತ್ಮರೆನಿಸಿದರು.

ಹಾಗೆಂದು ದಂಗೆಯೆಲ್ಲವೂ ಧರ್ಮವೆಂದು ನಾವು ಹೇಳುವುದಿಲ್ಲ. ಈಸೂರಿನಲ್ಲಿ ಕರ್ತವ್ಯದ ಮೇಲೆ ಬಂದ ಅಧಿಕಾರಿಗಳ ಮನೆಯಲ್ಲಿಯೂ ಕಣ್ಣೀರು ಹರಿಯಿತು. ನಾವು ಹೇಳುವುದಿಷ್ಟೆ: ಆಯುಧದ ಬೆಲೆಯಿಂದ ಬಲವನ್ನು ಅಳೆಯಬಾರದು. ಹೆಲಿಕಾಪ್ಟರನ್ನು ಕಳುಹಿಸಬೇಕಾಗಿ ಬಂದ ದಿನ ಸರಕಾರವು ಆ ನೆಲದ ಮೇಲೆ ನಡೆದುಹೋಗುವ ದಾರಿಯನ್ನು ಆಗಲೇ ಕಳೆದುಕೊಂಡಿರುತ್ತದೆ. ಅಧಿಕಾರದಲ್ಲಿರುವ ಮಹನೀಯರು ಹಳ್ಳಿಯ ಅಹವಾಲನ್ನು ಅರ್ಜಿಯಾಗಿರುವಾಗಲೇ ಓದಲಿ; ಅದು ಗುಂಡಾಗಿ ಬಂದ ಮೇಲೆ ಓದಲು ಸಮಯವಿರುವುದಿಲ್ಲ.