ಮೊದಲು ಮಳೆ, ಆಮೇಲೆ ತೋಪು

ಔರಂಗಜೇಬನ ಸೇನೆ ವಿಜಯಪುರವನ್ನು ಮುತ್ತಿ ಗೆದ್ದದ್ದು 1686ರಲ್ಲಿ. ಆ ಮುತ್ತಿಗೆಯ ಪುಟ್ಟ ಮಾದರಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡುತ್ತಿದ್ದೀರಾ? ಬಣ್ಣ ಬಳಿದ ಗೋಡೆ ನಿನ್ನೆ ಕಟ್ಟಿದಂತೆ ಕಾಣುತ್ತದೆ. ಅದಕ್ಕೆ ವಯಸ್ಸು ಬರಿಸೋಣ.

ಪ್ಲಾಸ್ಟರ್ ಬಣ್ಣವನ್ನು ಹೀರಿಬಿಡುತ್ತದೆ. ಹಾಗಾಗಿ ಮೊದಲು ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಒಣಗಿಸಿ, ಆಮೇಲೆ ಸುಣ್ಣದ ಬಣ್ಣ ಕೊಡಿ.

ಈಗ ಊರಿನ ಹಳೆಯ ಕಟ್ಟಡಗಳ ಮುಂದೆ ಹೋಗಿ ನಿಲ್ಲಿ. ಶೆರ್ಜಾ ಬುರುಜಿಗೆ ಹೋದವರೆಲ್ಲ ಮಲಿಕ್-ಎ-ಮೈದಾನ್ ತೋಪನ್ನೇ ನೋಡುತ್ತಾರೆ. ನೀವು ಕಲ್ಲು ನೋಡಿ, ಗಾರೆ ನೋಡಿ. ಮಳೆನೀರಿನ ಕಲೆ ಮೇಲೆ ದಟ್ಟ, ಕೆಳಗಿಳಿದಂತೆ ತೆಳು. ಚಾಚಿದ ಅಂಚಿನ ಕೆಳಗೆ ಗೋಡೆ ತಿಳಿಯಾಗಿಯೇ ಉಳಿದಿರುತ್ತದೆ. ತುಂಬ ತೆಳ್ಳಗಿನ ಕಂದುಗಪ್ಪು ಬಣ್ಣವನ್ನು ಮೇಲಿನಿಂದ ಕೆಳಕ್ಕೆ ಎಳೆದು, ಒದ್ದೆ ಬಟ್ಟೆಯಿಂದ ಅಲ್ಲಲ್ಲಿ ಒರೆಸಿ.

ಗೋಡೆಯ ಬುಡಕ್ಕೆ ಬಣ್ಣ ಬೇಡ, ಮಣ್ಣೇ ಬೇಕು. ತಿಕೋಟಾ, ಬಬಲೇಶ್ವರದ ಹೊಲಗಳ ಎರೆಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಒಣ ಕುಂಚದಿಂದ ಹಚ್ಚಿ. ಇದಕ್ಕಿಂತ ನಿಜವಾದ ಬಣ್ಣ ಯಾವ ಅಂಗಡಿಯಲ್ಲೂ ಸಿಗದು.

ತೋಪಿನ ಗುಂಡಿನ ಪೆಟ್ಟು ಕೊನೆಗೆ. ಈ ಕ್ರಮ ತಪ್ಪಿದರೆ ಕಥೆಯೇ ತಪ್ಪುತ್ತದೆ, ಏಕೆಂದರೆ ಮಳೆ ನೂರು ವರ್ಷ ಸುರಿದದ್ದು, ಗುಂಡು ಬಿದ್ದದ್ದು ಇವತ್ತು. ಚಾಕುವಿನ ಮೊನೆಯಿಂದ ಗೋಡೆಯನ್ನು ಕೆತ್ತಿ, ಒಳಗೆ ಕಪ್ಪುಗಲ್ಲಿನ ಬಣ್ಣ ತುಂಬಿ, ಒಡೆದ ಗಾರೆಯ ಅಂಚನ್ನು ಬೆಳ್ಳಗೆ ಬಿಡಿ. ಆ ಗುಂಡಿಯೊಳಗೆ ಪಾಚಿ ಬೇಡ, ಮಳೆಯ ಕಲೆ ಬೇಡ. ಉದುರಿದ ಚೂರುಗಳನ್ನು ಎರೆಮಣ್ಣಿನ ಮೇಲೆಯೇ ಅಂಟಿಸಿ, ಹೂಳಬೇಡಿ.