ಕಲಿಸುವವರ ದಣಿವಿಗೆ ಕಲೆಯ ಆಸರೆ

ಹೊರನಾಡಿಗೆ ಬಂದು ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಶಾಲೆಯ ನಂಟಿಲ್ಲದ ಮನೆ ಸಿಕ್ಕುವುದು ಅಪರೂಪ. ಒಂದು ಮನೆಯಲ್ಲಿ ಅತ್ತೆಯವರು ಕಾರ್ಪೊರೇಶನ್ನಿನ ಕನ್ನಡ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾಗಿದ್ದರೆ, ಸೊಸೆ ಇಂಗ್ಲಿಷ್ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಇನ್ನೊಂದು ಮನೆಯ ಹಿರಿಯರು ಹಗಲೆಲ್ಲ ಆಫೀಸಿನಲ್ಲಿ ದುಡಿದು ಸಂಜೆ ರಾತ್ರಿಶಾಲೆಯ ಹುಡುಗರಿಗೆ ಅಕ್ಷರ ಕಲಿಸಿದವರು. ಮೈಸೂರು ಸೀಮೆಯವರು ಇವರನ್ನು ಮೇಷ್ಟರು ಎನ್ನುತ್ತೇವೆ. ಧಾರವಾಡದ ಕಡೆಯವರು ಮಾಸ್ತರರು, ಅಕ್ಕೋರು ಎನ್ನುತ್ತೇವೆ. ಹೆಸರು ಯಾವುದಾದರೇನು, ಸಂಘದ ಕೆಲಸ ಬಂದಾಗ ನಾವೆಲ್ಲ ಮೊದಲು ನೆನೆಯುವುದು ಇವರನ್ನೇ. ರಾಜ್ಯೋತ್ಸವಕ್ಕೆ ಮಕ್ಕಳ ನಾಟಕ ಆಡಿಸಲು ಇವರು ಬೇಕು, ನಾಡಗೀತೆ ಹೇಳಿಕೊಡಲು ಇವರು ಬೇಕು, ರಂಗಮಂಟಪಕ್ಕೆ ಬಣ್ಣದ ಕಾಗದ ಕತ್ತರಿಸಲೂ ಇವರೇ ಬೇಕು.

ಆದರೆ ಈ ಅಕ್ಕೋರು ತಮಗಾಗಿ ಒಂದು ಹಾಡು ಹೇಳಿಕೊಂಡು ಎಷ್ಟು ದಿನವಾಯಿತು, ಈ ಮೇಷ್ಟರು ತಮಗಾಗಿ ಒಂದು ಚಿತ್ರ ಬರೆದು ಎಷ್ಟು ಕಾಲವಾಯಿತು ಎಂದು ನಾವು ಕೇಳಿದ್ದುಂಟೆ? ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇವರ ವಿಷಯದಲ್ಲಿ ಅಕ್ಷರಶಃ ನಿಜವಾಗುತ್ತಿದೆ. ನೂರಾರು ಮಕ್ಕಳಿಗೆ ಹಾಡು, ಬಣ್ಣ, ಅಭಿನಯಗಳನ್ನು ಹಂಚುವವರು ಅದರಲ್ಲಿ ತಮ್ಮ ಪಾಲನ್ನು ಉಳಿಸಿಕೊಂಡಿಲ್ಲ. ಆ ಪಾಲನ್ನು ಅವರಿಗೆ ಮರಳಿ ಕೊಡಿಸುವುದು ಹೇಗೆ ಎಂಬುದನ್ನೇ ಈ ಲೇಖನದಲ್ಲಿ ನಾಲ್ಕು ಮಾತುಗಳಲ್ಲಿ ವಿಚಾರಿಸೋಣ.

ದಣಿವು ಎಲ್ಲಿಯದು?

"ಮಾಸ್ತರಿಕೆ ಎಂದರೆ ಸುಖದ ಕೆಲಸ, ರಜೆ ಹೆಚ್ಚು, ದುಡಿಮೆ ಕಡಿಮೆ" ಎಂದು ಮಾತಾಡುವವರು ಇಂದಿಗೂ ಇದ್ದಾರೆ. ಅಂಥವರು ಒಂದು ದಿನ ಐವತ್ತು ಮಕ್ಕಳ ತರಗತಿಯಲ್ಲಿ ಆರು ಗಂಟೆ ನಿಂತು ನೋಡಬೇಕು. ಅಲ್ಲಿ ದಣಿಯುವುದು ಕಾಲು ಮಾತ್ರವಲ್ಲ. ಮನೆಯಲ್ಲಿ ಏನೇ ನಡೆದಿರಲಿ, ಗಂಟೆ ಹೊಡೆದೊಡನೆ ಮುಖದಲ್ಲಿ ಸಮಾಧಾನ ತಂದುಕೊಳ್ಳಬೇಕು. ಸಿಟ್ಟು ಬಂದರೂ ನುಂಗಬೇಕು. ಮಗುವೊಂದು ಉಪವಾಸ ಬಂದುದು ತಿಳಿದರೆ ಆ ಸಂಕಟವನ್ನೂ ಒಳಗೇ ಇಟ್ಟುಕೊಂಡು ಪಾಠ ಮುಂದುವರಿಸಬೇಕು. ಹೀಗೆ ದಿನವೂ ಒಳಗಿಟ್ಟುಕೊಂಡದ್ದು ವರ್ಷಗಳು ಕಳೆದಂತೆ ಭಾರವಾಗುತ್ತದೆ. ೨೦೨೦ರಲ್ಲಿ ಕೊರೋನಾ ಮಾರಿ ಬಂದು ಶಾಲೆಗಳು ಮುಚ್ಚಿದಾಗ ಇವರು ಅಡಿಗೆಮನೆಯ ಮೂಲೆಯಲ್ಲಿ ಫೋನು ನಿಲ್ಲಿಸಿಕೊಂಡು, ಮುಖ ಕಾಣದ ಮಕ್ಕಳಿಗೆ ಪಾಠ ಹೇಳಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಮೊದಲು ಸೋಲುವುದು ಗಂಟಲು. ಅಮೆರಿಕದ ಅಯೋವಾ ಮತ್ತು ಯೂಟಾ ಪ್ರಾಂತಗಳಲ್ಲಿ ೧,೨೪೩ ಶಿಕ್ಷಕರನ್ನೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಇತರರನ್ನೂ ವಿಚಾರಿಸಿ ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜೀವಮಾನದಲ್ಲಿ ಒಮ್ಮೆಯಾದರೂ ಧ್ವನಿಯ ತೊಂದರೆ ಅನುಭವಿಸಿದವರು ಶಿಕ್ಷಕರಲ್ಲಿ ನೂರಕ್ಕೆ ೫೭ಕ್ಕಿಂತ ಹೆಚ್ಚು. ಇತರರಲ್ಲಿ ನೂರಕ್ಕೆ ೨೯ರಷ್ಟೂ ಇಲ್ಲ. ಗಂಟಲ ಹಿಂದೆಯೇ ಮನಸ್ಸೂ ಸೋಲುತ್ತದೆ. ಇತರರ ಸೇವೆಯಲ್ಲಿ ತೊಡಗಿದವರು ಒಳಗಿಂದೊಳಗೇ ಬರಿದಾಗಿಹೋಗುವ ಈ ಸ್ಥಿತಿಗೆ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ೧೯೭೪ರಲ್ಲಿ 'ಬರ್ನ್‌ಔಟ್' ಎಂಬ ಹೆಸರು ಕೊಟ್ಟು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಇದನ್ನು ಕಾಯಿಲೆಯೆಂದು ಕರೆಯದೆ, ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದಿರುವುದರಿಂದ ಹುಟ್ಟುವ ಸ್ಥಿತಿಯೆಂದು ವಿವರಿಸಿತು. ಈ ವಿವರಣೆಯಲ್ಲಿ ಒಂದು ಸಮಾಧಾನವಿದೆ: ದಣಿದ ಶಿಕ್ಷಕಿ ದುರ್ಬಲಳೂ ಅಲ್ಲ, ಕೆಲಸಗಳ್ಳಿಯೂ ಅಲ್ಲ. ದಣಿವು ಕೆಲಸದಿಂದ ಬಂದದ್ದು.

ಕಲೆ ಏನು ಮಾಡಬಲ್ಲುದು?

ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯರೋಗ ತಗುಲಿ ೧೯೩೮ರಲ್ಲಿ ಆರೋಗ್ಯಧಾಮವೊಂದರಲ್ಲಿ ಮಲಗಿದ್ದರು. ಹಾಸಿಗೆಯಲ್ಲೇ ಕೂತು ಕಣ್ಣಿಗೆ ಕಂಡ ಸಣ್ಣಪುಟ್ಟ ವಸ್ತುಗಳ ಚಿತ್ರ ಬರೆಯುತ್ತಿದ್ದಂತೆ ತಮ್ಮ ಮನಸ್ಸು ಹಗುರಾದುದನ್ನು ಕಂಡರು. ಮುಂದೆ ಜೊತೆಯ ರೋಗಿಗಳಿಗೂ ಬರೆಯಲು ಕಲಿಸಿದರು. 'ಕಲಾ ಚಿಕಿತ್ಸೆ' ಎಂಬ ಅರ್ಥದ ಇಂಗ್ಲಿಷ್ ಪದವನ್ನು ೧೯೪೨ರಲ್ಲಿ ಬಳಕೆಗೆ ತಂದವರು ಅವರೇ.

ಅಂದು ಅನುಭವದಿಂದ ಕಂಡುದನ್ನು ಈಚೆಗೆ ಅಳೆದು ನೋಡುವ ಯತ್ನಗಳೂ ನಡೆದಿವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು ೩೯ ಮಂದಿ ವಯಸ್ಕರ ಕೈಗೆ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದಗಳನ್ನು ಕೊಟ್ಟು ೪೫ ನಿಮಿಷ ತಮಗೆ ತೋಚಿದ್ದನ್ನು ಮಾಡಲು ಬಿಟ್ಟರು. ಮೊದಲೂ ಕೊನೆಗೂ ಜೊಲ್ಲನ್ನು ಪರೀಕ್ಷಿಸಿ, ಮೈಯಲ್ಲಿ ಒತ್ತಡದೊಂದಿಗೆ ಏರುವ ಕಾರ್ಟಿಸಾಲ್ ಎಂಬ ರಸವನ್ನು ಅಳೆದರು. ೨೦೧೬ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಇಲ್ಲಿ ಗಮನಿಸತಕ್ಕ ಮಾತೆಂದರೆ, ಮೊದಲೇ ಚಿತ್ರ ಬಲ್ಲವರಿಗೂ ಕುಂಚ ಹಿಡಿಯದವರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. "ನನಗೆ ಚಿತ್ರ ಬರುವುದಿಲ್ಲ" ಎಂದು ಹಿಂಜರಿಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಉಳಿದ ಕಾಲು ಪಾಲು ಜನರಲ್ಲಿ ಅದು ಇಳಿಯಲಿಲ್ಲವೆಂಬುದನ್ನೂ ಮರೆಯಬಾರದು. ಎಲ್ಲರಿಗೂ ಒಂದೇ ಮದ್ದು ಹಿಡಿಸುವುದಿಲ್ಲ.

ಚಿತ್ರ ಒಗ್ಗದವರಿಗೆ ಬರೆವಣಿಗೆಯುಂಟು. ಜೇಮ್ಸ್ ಪೆನ್‌ಬೇಕರ್ ಎಂಬ ಮನಶ್ಶಾಸ್ತ್ರಜ್ಞರು ೧೯೮೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ೧೫ ನಿಮಿಷ, ತಮ್ಮ ಬಾಳಿನ ನೋವಿನ ಪ್ರಸಂಗವನ್ನು ಕುರಿತು ಬರೆದರು. ಬರೆದ ಕೂಡಲೇ ಅವರ ಮನಸ್ಸು ಕಲಕಿದ್ದು ನಿಜ. ಆದರೆ ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಾಗಿಲು ತಟ್ಟಿದ್ದು ಇತರರಿಗಿಂತ ಕಡಿಮೆ. ಹಾಡಿನ ಗುಣ ಇನ್ನೊಂದು ಬಗೆಯದು. ಇಂಗ್ಲೆಂಡಿನಲ್ಲಿ ವಯಸ್ಕರ ಹಾಡಿನ ತರಗತಿ, ಕರಕುಶಲ ತರಗತಿ ಮತ್ತು ಬರೆವಣಿಗೆಯ ತರಗತಿಗಳನ್ನು ಏಳು ತಿಂಗಳು ಹೋಲಿಸಿ ನೋಡಿ, ೨೦೧೫ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊನೆಗೆ ಎಲ್ಲ ತರಗತಿಯವರೂ ಪರಸ್ಪರ ಹತ್ತಿರವಾದರು. ಆದರೆ ಹಾಡಿದವರು ಎಲ್ಲರಿಗಿಂತ ಬೇಗ ಗೆಳೆಯರಾದರು. ಪರಸ್ಥಳದಲ್ಲಿ ಒಬ್ಬೊಬ್ಬರಾಗಿ ಬಾಳುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ ೨೦೧೯ರಲ್ಲಿ ಇಂಥ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ, ಆರೋಗ್ಯವನ್ನು ಕಾಯುವುದರಲ್ಲಿ ಕಲೆಗೆ ಗಣನೀಯ ಪಾತ್ರವಿದೆ ಎಂದು ಹೇಳಿತು.

ನಮ್ಮವರೇ ತೋರಿದ ದಾರಿ

ಇಷ್ಟು ದೂರ ಹೋಗಿ ಸಾಕ್ಷಿ ತರಬೇಕೆ ಎಂದು ನೀವು ಕೇಳಬಹುದು. ಬೇಂದ್ರೆ ಮಾಸ್ತರರನ್ನೇ ನೆನೆಯೋಣ. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾಗಿ ಬಾಳು ತೊಡಗಿದ ಅವರು ೧೯೪೪ರಿಂದ ೧೯೫೬ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ನಮ್ಮಂತೆಯೇ ಹೊರನಾಡಿನಲ್ಲಿದ್ದು ದುಡಿದವರು. ಬಡತನ ಕಂಡರು, ಬರೆದ ಕವನಕ್ಕಾಗಿ ಸೆರೆಮನೆ ಕಂಡರು, ಹೆತ್ತ ಮಕ್ಕಳನ್ನು ಒಂದಲ್ಲ ಹಲವು ಸಲ ಮಣ್ಣಿಗೆ ಕೊಟ್ಟರು. ಮಗುವನ್ನು ಕಳೆದುಕೊಂಡ ಹೆಂಡತಿಯ ನೋಟವನ್ನು ಎದುರಿಸಲಾರದೆ ಅವರು ಬರೆದ ಹಾಡನ್ನು ಅರಿಯದ ಕನ್ನಡಿಗರಿಲ್ಲ. ಆ ಹಾಡು ದುಃಖವನ್ನು ಅಳಿಸಲಿಲ್ಲ. ದುಃಖಕ್ಕೆ ಒಂದು ಆಕಾರ ಕೊಟ್ಟಿತು, ಅದನ್ನು ಹೊತ್ತುಕೊಂಡು ನಾಳೆಯ ಪಾಠಕ್ಕೆ ಎದ್ದು ಹೋಗಲು ಬಲ ಕೊಟ್ಟಿತು. ಕಲೆಯಿಂದ ಗುಣವಾಗುವುದೆಂದರೆ ಇದೇ ಎಂದು ನಾವು ತಿಳಿದಿದ್ದೇವೆ.

ಬೇಂದ್ರೆಯವರು ಒಬ್ಬಂಟಿಗರಾಗಿ ಹಾಡಲಿಲ್ಲ ಎಂಬುದನ್ನೂ ಗಮನಿಸಬೇಕು. ೧೯೨೨ರ ವೇಳೆಗೆ ಧಾರವಾಡದಲ್ಲಿ ಕೂಡಿದ 'ಗೆಳೆಯರ ಗುಂಪಿ'ನಲ್ಲಿ ಶಂಬಾ ಜೋಶಿಯವರಂಥ ಮಾಸ್ತರಿಕೆ ಮಾಡಿದವರೂ ಇದ್ದರು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಕೇಳುವ, ಕೇಳಿ ಮೆಚ್ಚುವ ಜನ ಅಲ್ಲಿ ಸಿಕ್ಕಿದರು. ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರನ್ನು ನೋಡಿ: ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗುತ್ತ ಮಕ್ಕಳ ಹಾಡು, ಕಥೆಗಳನ್ನು ಕಟ್ಟಿದರು. ಅವು ಮಕ್ಕಳನ್ನು ನಲಿಸಿದಷ್ಟೇ ಬರೆದವರನ್ನೂ ನಲಿಸಿರಬೇಕೆಂದು ಓದಿದವರಿಗೆ ತೋರದೆ ಇರದು.

ಅಂಕ ಬೇಡದ ಕಲೆ

ಇಂದಿನ ಶಾಲೆಗಳಲ್ಲಿ ಕಲೆಗೆ ಕೊರತೆಯೆಲ್ಲಿ ಎಂದು ಕೇಳುವವರುಂಟು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಪಾಠದೊಂದಿಗೆ ಕಲೆಯನ್ನು ಬೆಸೆಯಬೇಕೆಂದು ಹೇಳಿದೆ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯೂ ಅದೇ ವರ್ಷ ಕಲೆ ಬೆರೆಸಿದ ಪ್ರಾಜೆಕ್ಟುಗಳನ್ನು ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಶಿಕ್ಷಕಿಯ ಮೇಜಿನ ಮೇಲೆ ಬಂದು ಕೂರುವಾಗ ಕಲೆಯೂ ತಿದ್ದಬೇಕಾದ ಇನ್ನೊಂದು ಕಟ್ಟಾಗುತ್ತದೆ. ಫೋಟೋ ತೆಗೆದು ಮೇಲಿನವರಿಗೆ ಕಳಿಸಬೇಕಾದ ಇನ್ನೊಂದು ಲೆಕ್ಕವಾಗುತ್ತದೆ. ವಾರ್ಷಿಕೋತ್ಸವದ ಕುಣಿತ ಕಲಿಸುವಾಗ ಆಕೆಯ ಕಣ್ಣು ಮಕ್ಕಳ ತಪ್ಪು ಹೆಜ್ಜೆಯ ಮೇಲೆಯೇ ಹೊರತು ತನ್ನ ಸಂತೋಷದ ಮೇಲಲ್ಲ. ದಣಿವಾರಿಸುವ ಕಲೆ ಬೇರೆ. ಅದಕ್ಕೆ ಅಂಕವಿಲ್ಲ, ಬಹುಮಾನವಿಲ್ಲ, ನೋಡಲು ಬರುವ ಅಧಿಕಾರಿಯೂ ಇಲ್ಲ.

ಈ ಗುಟ್ಟನ್ನು ಬಲ್ಲವರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಅವರು ಮತ್ತು ಕಪಿಲಾ ವಾತ್ಸ್ಯಾಯನರ ಪ್ರಯತ್ನದಿಂದ ೧೯೭೯ರಲ್ಲಿ ದಿಲ್ಲಿಯಲ್ಲಿ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ನೆಲೆಗೊಂಡಿತು. ಹೈದರಾಬಾದಿನಲ್ಲಿಯೂ ಅದರ ಶಾಖೆಯಿದೆ. ನಾಡಿನ ಮೂಲೆಮೂಲೆಯಿಂದ ಬಂದ ಶಿಕ್ಷಕರು ಅಲ್ಲಿ ಗೊಂಬೆಯಾಟ, ಕರಕುಶಲ ಕಲೆ, ಹಾಡುಗಳನ್ನು ಕಲಿಯುತ್ತಾರೆ. ಮಕ್ಕಳಿಗೆ ಕಲಿಸಲೆಂದೇ ಈ ತರಬೇತಿ ನಿಜ. ಆದರೆ ಮೊದಲು ಗೊಂಬೆ ಕುಣಿಯುವುದು ಶಿಕ್ಷಕರ ಕೈಯಲ್ಲಿ, ಮೊದಲು ನಗುವವರೂ ಅವರೇ.

ಮನೆಯಲ್ಲಿ, ಸಂಘದಲ್ಲಿ

ಹಾಗಾದರೆ ಮಾಡತಕ್ಕದ್ದೇನು? ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಧಾರವಾಡದ ಕಡೆಯ ಮನೆಗಳಲ್ಲಿ ಕಸೂತಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಬಟ್ಟೆಯ ಎಳೆ ಎಣಿಸುತ್ತ ಗವಂತಿ ಹೊಲಿಗೆ ಹಾಕುವಾಗ ಸೂಜಿ ಹೋದ ದಾರಿಯಲ್ಲೇ ಮರಳಿ ಬರುತ್ತದೆ. ಗಂಟಿಲ್ಲ, ಒಳಮೈ ಹೊರಮೈ ಎರಡೂ ಒಂದೇ ಸಮ. ಎಳೆ ಎಣಿಸುವ ಮನಸ್ಸಿಗೆ ಬೇರೆ ಚಿಂತೆ ಎಣಿಸಲು ಪುರುಸೊತ್ತಿರುವುದಿಲ್ಲ. ಕರಾವಳಿಯವರಿಗೆ ಯಕ್ಷಗಾನದ ಪದವುಂಟು, ಎಲ್ಲರಿಗೂ ಭಜನೆಯುಂಟು, ಹೊಸಿಲ ಮುಂದೆ ರಂಗೋಲಿಯುಂಟು. ಗಂಟಲು ದಣಿದ ದಿನ ಬಾಯಿ ಮುಚ್ಚಿ ಮೆಲ್ಲಗೆ ಗುನುಗುವುದು ಧ್ವನಿಗೂ ಹಿತ. ದನಿ ಒಡೆದು ಮೂರು ನಾಲ್ಕು ವಾರ ಕಳೆದರೂ ಸರಿಯಾಗದಿದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಬರೆಯುವವರು ಪಾಠದ ಟಿಪ್ಪಣಿಯ ಪುಸ್ತಕದಲ್ಲಿ ಬರೆಯದೆ, ಯಾರೂ ಓದದ ಬೇರೊಂದು ಪುಸ್ತಕ ಇಟ್ಟುಕೊಳ್ಳಲಿ.

ಇದಕ್ಕೆಲ್ಲ ಬೇಕಾದ ಒಂದು ವಸ್ತು ಅಂಗಡಿಯಲ್ಲಿ ಸಿಕ್ಕುವುದಿಲ್ಲ, ಅದು ಬಿಡುವು. ಅದನ್ನು ಕೊಡಬೇಕಾದವರು ಮನೆಯವರು. ಶಾಲೆಯಿಂದ ಬಂದ ಸೊಸೆ ನೇರವಾಗಿ ಒಲೆಯ ಮುಂದೆ ನಿಂತು, ಊಟವಾದ ಮೇಲೆ ಉತ್ತರಪತ್ರಿಕೆ ತಿದ್ದಲು ಕೂತರೆ ಆಕೆಗೆ ಕಸೂತಿ ಎಲ್ಲಿಯದು? ವಾರದಲ್ಲಿ ಒಂದು ಸಂಜೆ ಅನ್ನ ಸಾರುಗಳ ಹೊಣೆಯನ್ನು ಮನೆಯ ಗಂಡಸರೂ ಬೆಳೆದ ಮಕ್ಕಳೂ ಹೊರಬಾರದೆ?

ಸಂಘಗಳೂ ಒಂದು ಕೆಲಸ ಮಾಡಬಹುದು. ತಿಂಗಳಿಗೊಂದು ಭಾನುವಾರ ಸಂಜೆ ಸಂಘದ ಕೋಣೆಯನ್ನು ಶಿಕ್ಷಕ ಶಿಕ್ಷಕಿಯರಿಗಾಗಿಯೇ ತೆರೆದಿಡಲಿ. ಭಾಷಣ ಬೇಡ, ಹಾರ ತುರಾಯಿ ಬೇಡ, ಸ್ಪರ್ಧೆಯಂತೂ ಬೇಡವೇ ಬೇಡ. ಒಂದು ಹಾರ್ಮೋನಿಯಂ, ಒಂದಿಷ್ಟು ಬಣ್ಣ, ಸೂಜಿ ದಾರ, ಕಾಫಿ ಇಷ್ಟಿದ್ದರೆ ಸಾಕು. ಹಾಡುವವರು ಹಾಡಲಿ, ಸುಮ್ಮನೆ ಕೂರುವವರು ಕೂರಲಿ. ಮುಂದಿನ ಉತ್ಸವಕ್ಕೆ ಇವರಿಂದ ಕಾರ್ಯಕ್ರಮವೊಂದನ್ನು ಮಾಡಿಸೋಣವೆಂಬ ಆಸೆ ಕಾರ್ಯದರ್ಶಿಗಳಿಗೆ ಬಂದರೆ ಅದನ್ನು ಅಲ್ಲಿಯೇ ಅದುಮಿಕೊಳ್ಳಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳದೆ ಮುಗಿಸಲಾಗದು. ಹಾಡು ಹೇಳಿಕೊಂಡರೆ ಸಾಕು, ಕೆಲಸದ ಹೊರೆ ಎಷ್ಟಾದರೂ ಇರಲಿ ಎಂದು ಶಾಲೆ ನಡೆಸುವವರು ತಿಳಿಯಬಾರದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೨೭ನೆಯ ವಿಧಿಯೇ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಹೇಳುತ್ತದೆ. ಹೊರೆ ಇಳಿಸುವುದು ಅವರ ಧರ್ಮ. ಇನ್ನು ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದವರಿಗೆ ಕಲೆಯೊಂದೇ ಸಾಲದು. ವೈದ್ಯರ ನೆರವು ಬೇಕು. ಸರಕಾರ ೨೦೨೨ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸೇವೆಯ ೧೪೪೧೬ ಸಂಖ್ಯೆಗೆ ದೇಶದ ಯಾವ ಊರಿನಿಂದಲೂ ಉಚಿತವಾಗಿ ಫೋನು ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು. ಅದರಲ್ಲಿ ಸಂಕೋಚವೇಕೆ?

ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನಮ್ಮ ಮಕ್ಕಳಿಗೆ ಹಾಡು ಕಲಿಸಿದವರು ನರಳುತ್ತ ಕೂರುವಂತಾಗಬಾರದು. ಬರುವ ಭಾನುವಾರ ನಿಮ್ಮ ಮನೆಯ ಅಥವಾ ನೆರೆಮನೆಯ ಅಕ್ಕೋರನ್ನು, ಮೇಷ್ಟರನ್ನು ಕಂಡು, "ಹಿಂದೆ ನಿಮಗೆ ಯಾವುದರಲ್ಲಿ ಮನಸ್ಸಿತ್ತು?" ಎಂದು ಕೇಳಿ ನೋಡಿ. ಉತ್ತರ ಬಂದ ಮೇಲೆ, ಅದಕ್ಕೆ ಬೇಕಾದ ಒಂದು ಗಂಟೆಯನ್ನು ಅವರಿಗೆ ಬಿಡಿಸಿಕೊಡಿ.